ಯುರೋಪಿನಲ್ಲಿ ಬಾಡಿಗೆ ಕಾರು: ದಂಡದ ಚೀಟಿ ಮನೆಗೆ ಬಾರದಂತೆ ಓಡಿಸುವುದು

ಇಟಲಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಬಾಡಿಗೆ ಕಾರು ಓಡಿಸುವವರಿಗೆ ದಂಡ ಬಿದ್ದದ್ದು ಬಹಳ ಸಲ ಬಿದ್ದ ಹೊತ್ತಿನಲ್ಲಿ ಗೊತ್ತೇ ಆಗುವುದಿಲ್ಲ. ಯಾರೂ ಕೈ ಅಡ್ಡ ಹಿಡಿಯುವುದಿಲ್ಲ, ಸೀಟಿ ಊದುವುದಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೋ ಹಿಡಿಯುತ್ತದೆ, ಕಾರು ಮುಂದೆ ಹೋಗುತ್ತದೆ. ಊರಿಗೆ ಮರಳಿ ತಿಂಗಳುಗಳಾದ ಮೇಲೆ ಕ್ರೆಡಿಟ್ ಕಾರ್ಡಿನಲ್ಲಿ ಸಣ್ಣದೊಂದು ಮೊತ್ತ ಕಡಿತವಾಗುತ್ತದೆ, ಅದರ ಹಿಂದೆ ಟಪಾಲಿನಲ್ಲಿ ನೋಟಿಸು ಬರುತ್ತದೆ. ಅತಿವೇಗದಿಂದ ಹೋಗುವ ಹಣಕ್ಕಿಂತ ಬೋರ್ಡು ಓದಲು ಬಾರದೆ ಹೋಗುವ ಹಣವೇ ಪ್ರವಾಸಿಗರದ್ದು ಹೆಚ್ಚು ಎಂದು ನನ್ನ ಅಂದಾಜು. ಆದ್ದರಿಂದ ತಯಾರಿ ಸ್ಟಿಯರಿಂಗ್ ಹಿಡಿಯುವ ಮೊದಲೇ ಆಗಬೇಕು.

ಮೊದಲು ಕಾಗದಪತ್ರ. ಐರೋಪ್ಯ ಒಕ್ಕೂಟದ ಹೊರಗಿನ ಲೈಸೆನ್ಸ್ ಇದ್ದವರು ಇಟಲಿಯಲ್ಲಿ ಅದರ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಥವಾ ಅಧಿಕೃತ ಅನುವಾದ ಇಟ್ಟುಕೊಂಡಿರಬೇಕು. ಬಾಡಿಗೆ ಕೌಂಟರಿನಲ್ಲಿ ಕೇಳದೆಯೇ ಕೀಲಿ ಕೊಟ್ಟರೆ ಪರ್ಮಿಟ್ ಬೇಡ ಎಂದುಕೊಳ್ಳಬೇಡಿ. ಕೌಂಟರಿನವರಿಗೆ ಬೇಕಾದ್ದು ಕಾರ್ಡು ಮತ್ತು ಸಹಿ, ರಸ್ತೆಯಲ್ಲಿ ಕೇಳುವವರು ಪೊಲೀಸರು. ಪರ್ಮಿಟ್ಟನ್ನು ಲೈಸೆನ್ಸ್ ಕೊಟ್ಟ ದೇಶದಲ್ಲೇ, ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ಆನ್‌ಲೈನಿನಲ್ಲಿ ಖಾಸಗಿಯವರು ಮಾರುವ 'ಅಂತರರಾಷ್ಟ್ರೀಯ ಲೈಸೆನ್ಸ್' ಎಂಬ ಪ್ಲಾಸ್ಟಿಕ್ ಕಾರ್ಡಿಗಂತೂ ಯಾವ ಮಾನ್ಯತೆಯೂ ಇಲ್ಲ. ಪರ್ಮಿಟ್‌ಗಳಲ್ಲಿ 1949ರ ಜಿನೀವಾ ಒಪ್ಪಂದದ್ದು ಒಂದು ಬಗೆ, 1968ರ ವಿಯೆನ್ನಾ ಒಪ್ಪಂದದ್ದು ಇನ್ನೊಂದು. ಮೊದಲನೆಯದಕ್ಕೆ ಒಂದು ವರ್ಷದ ಅವಧಿ. ಯುರೋಪಿನಾಚೆ ಹೋಗುವವರು ಈ ವ್ಯತ್ಯಾಸವನ್ನು ಗಮನಿಸಲೇಬೇಕು: ಜಪಾನ್ ಒಪ್ಪುವುದು 1949ರದ್ದನ್ನು ಮಾತ್ರ, ವಿಯೆಟ್ನಾಂ 1968ರದ್ದನ್ನು ಮಾತ್ರ. ಸ್ಕೂಟರ್ ಬಾಡಿಗೆಗೆ ಪಡೆಯುವವರು ಪರ್ಮಿಟ್ಟಿನ ಒಳಪುಟ ತೆರೆದು 'ಎ' ವರ್ಗದ ಎದುರು ಮುದ್ರೆ ಬಿದ್ದಿದೆಯೇ ನೋಡಿ. 'ಬಿ' ಎದುರು ಮಾತ್ರ ಇದ್ದರೆ ಅದು ಕಾರಿಗಷ್ಟೇ. ದ್ವಿಚಕ್ರ ವಾಹನದ ಮಟ್ಟಿಗೆ ನೀವು ಲೈಸೆನ್ಸ್ ಇಲ್ಲದವರಾಗುತ್ತೀರಿ, ಬಿದ್ದು ಪೆಟ್ಟಾದರೆ ವಿಮೆಯೂ ಕೈಕೊಡಬಹುದು.

ಕಾರು ಕೈಗೆ ಬಂದಾಗ ಕೌಂಟರಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಈ ಕಾರು ಯಾವ ದೇಶದಲ್ಲಿ ನೋಂದಣಿಯಾಗಿದೆ? ಗಡಿ ದಾಟಲು ಒಪ್ಪಿಗೆ ಇದೆಯೇ? ವಿನ್ಯೆಟ್, ಅಂದರೆ ಹೆದ್ದಾರಿ ಬಳಕೆಯ ಪಾಸು, ಇದ್ದರೆ ಯಾವ ದೇಶದ್ದು, ಎಲ್ಲಿಯವರೆಗೆ? ಗಾಜಿಗೆ ಅಂಟಿಸಿರುವ ಟೋಲ್ ಡಬ್ಬಿ ಚಾಲೂ ಇದೆಯೇ, ಇದ್ದರೆ ದಿನಕ್ಕೆ ಎಷ್ಟು ಹಿಡಿಯುತ್ತೀರಿ? ಆಮೇಲೆ ಹಿಂದಿನ ಮುಂದಿನ ಎರಡೂ ನಂಬರ್ ಪ್ಲೇಟಿನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದೆ ಟೋಲಿಗೆ, ಪಾರ್ಕಿಂಗ್ ಯಂತ್ರಕ್ಕೆ, ಹೋಟೆಲಿಗೆ ಎಲ್ಲಕ್ಕೂ ಈ ನಂಬರೇ ಬೇಕು. ಇಟಲಿಯ ಈಗಿನ ನಂಬರು ಎರಡು ಅಕ್ಷರ, ಮೂರು ಅಂಕಿ, ಮತ್ತೆ ಎರಡು ಅಕ್ಷರ ಎಂಬ ಕ್ರಮದಲ್ಲಿರುತ್ತದೆ. ಅದರಲ್ಲಿ ಐ, ಓ, ಕ್ಯೂ, ಯು ಅಕ್ಷರಗಳನ್ನು ಬಳಸುವುದೇ ಇಲ್ಲ. ನಿಮಗೆ ಓ ಎಂದು ಕಂಡದ್ದು ಸೊನ್ನೆಯೇ. ಒಂದು ಅಕ್ಷರ ತಪ್ಪಿ ಟೈಪಾದರೂ ಕೊಟ್ಟ ದುಡ್ಡು ಬೇರೆ ಯಾವುದೋ ಕಾರಿನ ಲೆಕ್ಕಕ್ಕೆ ಹೋಗುತ್ತದೆ, ನಿಮ್ಮ ಕಾರು ದುಡ್ಡು ಕಟ್ಟದೆ ಓಡಾಡಿದಂತಾಗುತ್ತದೆ. ನಡುವೆ ಕಾರು ಕೆಟ್ಟು ಬದಲಿ ಕಾರು ಕೊಟ್ಟರೆ ಹಳೆಯ ನಂಬರಿಗೆ ಮಾಡಿಸಿದ್ದು ಯಾವುದೂ ಹೊಸದಕ್ಕೆ ತಾನಾಗಿ ವರ್ಗವಾಗುವುದಿಲ್ಲ. ಎಲ್ಲವನ್ನೂ ಮತ್ತೆ ಮಾಡಿಸಬೇಕು.

ವಿನ್ಯೆಟ್ ವಿಷಯದಲ್ಲಿ ದೇಶಕ್ಕೊಂದು ಪದ್ಧತಿ. ಸ್ವಿಟ್ಜರ್ಲೆಂಡಿನದು ಸರಳ: ಬೆಲೆ 40 ಫ್ರಾಂಕ್, ಒಂದೇ ಅವಧಿ. ಹಿಂದಿನ ವರ್ಷದ ಡಿಸೆಂಬರ್ 1ರಿಂದ ಮುಂದಿನ ವರ್ಷದ ಜನವರಿ 31ರವರೆಗೆ ನಡೆಯುತ್ತದೆ. ಒಂದು ದಿನಕ್ಕೆ ಹೋದರೂ ಅಷ್ಟನ್ನೂ ಕೊಡಬೇಕು. 2023ರ ಆಗಸ್ಟ್‌ನಿಂದ ಇ-ವಿನ್ಯೆಟ್ ಬಂದಿದ್ದು, ನಂಬರ್ ಪ್ಲೇಟಿಗೆ ಜೋಡಿಸಿ ಆನ್‌ಲೈನಿನಲ್ಲೇ ಕೊಳ್ಳಬಹುದು. ಇಲ್ಲದೆ ಹೆದ್ದಾರಿ ಹತ್ತಿದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ಟಿನ ಬೆಲೆ. ಆಸ್ಟ್ರಿಯಾದಲ್ಲಿ 1 ದಿನ, 10 ದಿನ, 2 ತಿಂಗಳು, 1 ವರ್ಷದ ಆಯ್ಕೆಗಳಿವೆ. ಆದರೆ ಬ್ರೆನ್ನರ್, ಟೌವೆರ್ನ್‌ನಂಥ ಪರ್ವತ ಮಾರ್ಗಗಳ ಟೋಲ್ ವಿನ್ಯೆಟ್ಟಿನಲ್ಲಿ ಸೇರಿಲ್ಲ, ಅದನ್ನು ಪ್ರತ್ಯೇಕವಾಗಿ ಕಟ್ಟಬೇಕು. ಇಟಲಿಯ ಟ್ರಿಯೆಸ್ಟೆಯಿಂದ ಸ್ವಲ್ಪ ಆಚೆ ಹೋದರೆ ಸ್ಲೊವೇನಿಯಾ. ಅಲ್ಲಿ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಲೂ ಇ-ವಿನ್ಯೆಟ್ ಬೇಕು. ಇಲ್ಲದವರಿಗೆ ದಂಡ ಶುರುವಾಗುವುದೇ 300 ಯೂರೋದಿಂದ.

ಆನ್‌ಲೈನಿನಲ್ಲಿ ಕೊಳ್ಳುವಾಗ ಜನ ಎಡವುವುದು ದೇಶ ಆರಿಸುವ ಪಟ್ಟಿಯಲ್ಲಿ. ಅಲ್ಲಿ ಕೇಳುತ್ತಿರುವುದು ನಿಮ್ಮ ದೇಶವನ್ನಲ್ಲ, ಕಾರು ನೋಂದಣಿಯಾದ ದೇಶವನ್ನು. ಜರ್ಮನಿಯ ಕಾರಾದರೆ ಜರ್ಮನಿ. ಐರೋಪ್ಯ ಒಕ್ಕೂಟದ ಕಾರಾದರೆ ನಂಬರ್ ಪ್ಲೇಟಿನ ಎಡತುದಿಯ ನೀಲಿ ಪಟ್ಟಿಯಲ್ಲಿ ಆ ದೇಶದ ಅಕ್ಷರ ಇರುತ್ತದೆ, ಅದನ್ನು ನೋಡಿ ಆರಿಸಿ. ಸರ್ಕಾರಿ ತಾಣದಂತೆಯೇ ಕಾಣುವ ದಲ್ಲಾಳಿ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ, ಅದೇ ವಿನ್ಯೆಟ್ಟಿಗೆ ಹೆಚ್ಚು ಹಣ ಕೀಳುತ್ತವೆ. ಗಡಿಗೆ ಮುಂಚಿನ ಪೆಟ್ರೋಲ್ ಬಂಕಿನಲ್ಲಿ ಕೇಳಿ ಕೊಳ್ಳುವುದು ಅದಕ್ಕಿಂತ ಮೇಲು.

ಬೋರ್ಡಿನ ಬಣ್ಣವೂ ಗಡಿ ದಾಟಿದಂತೆ ಬದಲಾಗುತ್ತದೆ. ಇಟಲಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹೆದ್ದಾರಿಯ ಬೋರ್ಡು ಹಸಿರು. ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾಗಳಲ್ಲಿ ನೀಲಿ. ಟೋಲ್ ತಪ್ಪಿಸಿ ಹೋಗೋಣ ಎಂದು ಇಟಲಿಯಲ್ಲಿ ನೀಲಿ ಬೋರ್ಡು ಹಿಡಿಯುವುದು ರೂಢಿಯಾದವರು ಫ್ರಾನ್ಸಿಗೆ ಬಂದು ಅದೇ ನೀಲಿಯ ಹಿಂದೆ ಹೋದರೆ ನೇರ ಟೋಲ್ ಗೇಟಿಗೆ ಬಂದು ನಿಲ್ಲುತ್ತಾರೆ.

ಇಟಲಿಯ ಹೆದ್ದಾರಿಯಲ್ಲಿ ಹೊಗುವಾಗ ಯಂತ್ರದಿಂದ ಚೀಟಿ ತೆಗೆದುಕೊಂಡು, ಹೊರಬೀಳುವಾಗ ದುಡ್ಡು ಕಟ್ಟುವುದು ಸಾಮಾನ್ಯ ಕ್ರಮ. ಚೀಟಿ ಕಳೆದರೆ ಅತಿ ದೂರದ ಗೇಟಿನಿಂದ ಬಂದಿರಿ ಎಂದು ಲೆಕ್ಕ ಹಾಕುತ್ತಾರೆ. ಹಳದಿ ಟೆಲಿಪಾಸ್ ಸಾಲು ಡಬ್ಬಿ ಇರುವ ಕಾರುಗಳಿಗೆ ಮಾತ್ರ. ತಪ್ಪಿ ಆ ಸಾಲಿಗೆ ಹೊಕ್ಕಿರಿ ಎನ್ನಿ, ಏನೇ ಆದರೂ ರಿವರ್ಸ್ ತೆಗೆಯಬೇಡಿ. ಟೋಲ್ ಗೇಟಿನಲ್ಲಿ ಹಿಂದಕ್ಕೆ ಬರುವುದು ಟೋಲ್ ಕಟ್ಟದಿರುವುದಕ್ಕಿಂತ ಎಷ್ಟೋ ದೊಡ್ಡ ಅಪರಾಧ, ಅಪಾಯವಂತೂ ಹೇಳಬೇಕಾಗಿಲ್ಲ. ಕಂಬದ ಮೇಲೆ ಸಹಾಯದ ಗುಂಡಿ ಇರುತ್ತದೆ, ಒತ್ತಿ. ಯಂತ್ರ ಒಂದು ಚೀಟಿ ಉಗುಳಿ ಗೇಟು ತೆರೆಯುತ್ತದೆ. ಅದು ದಂಡವಲ್ಲ, 'ಟೋಲ್ ಬಾಕಿ' ಎಂಬ ದಾಖಲೆ. 15 ದಿನದೊಳಗೆ ಆನ್‌ಲೈನಿನಲ್ಲಿ ಟೋಲಿನಷ್ಟನ್ನು ಕಟ್ಟಿದರೆ ಅಲ್ಲಿಗೆ ಮುಗಿಯಿತು. ಆ ಚೀಟಿಯನ್ನು ಕಾರಿನಲ್ಲೇ ಮರೆತು ವಾಪಸ್ ಕೊಟ್ಟರೆ ಮಾತ್ರ ಮುಂದೆ ಬಾಡಿಗೆ ಕಂಪನಿಯ ಶುಲ್ಕವೂ ಸೇರಿ ಬೆಳೆಯುತ್ತದೆ.

ಇದಕ್ಕಿಂತ ಕಷ್ಟದ್ದು ಗೇಟೇ ಇಲ್ಲದ ಟೋಲ್. ಮಿಲಾನಿನ ಉತ್ತರಕ್ಕೆ ಪೆಡೆಮೊಂಟಾನಾ ಎಂಬ ಎ36 ಹೆದ್ದಾರಿಯಲ್ಲಿ ಬೂತು, ತಡೆಗೋಲು ಏನೂ ಇಲ್ಲ. ಮೇಲಿನ ಕಮಾನಿನಲ್ಲಿರುವ ಕ್ಯಾಮೆರಾ ನಂಬರು ಓದುತ್ತದೆ, 15 ದಿನದೊಳಗೆ ನೀವಾಗಿಯೇ ಕಟ್ಟಬೇಕು. ಫ್ರಾನ್ಸಿನ ಎ79ರಲ್ಲಿ, ಪ್ಯಾರಿಸ್‌ನಿಂದ ನಾರ್ಮಂಡಿ ಕಡೆಗೆ ಹೋಗುವ ಎ13, ಎ14ರಲ್ಲಿಯೂ ಹೀಗೆಯೇ. ಅಲ್ಲಿ ಸಿಗುವುದು ಬರೀ 72 ಗಂಟೆ. ಕಮಾನಿನ ಕೆಳಗೆ ಹಾದ ದಿನವೇ, ರಾತ್ರಿ ಕೋಣೆ ಸೇರಿದ ತಕ್ಷಣ ನಂಬರು ಹಾಕಿ ನೋಡುವುದು ಒಳ್ಳೆಯದು. ದಾಖಲೆ ಇನ್ನೂ ಕಾಣದಿದ್ದರೆ ಮರುದಿನ ಮತ್ತೆ ನೋಡಿ.

ಇನ್ನು ಇಟಲಿಯ ಹಳೆ ಪಟ್ಟಣಗಳು. ಪ್ರವಾಸಿಗರ ಜೇಬಿಗೆ ಎಲ್ಲಕ್ಕಿಂತ ಹೆಚ್ಚು ಕತ್ತರಿ ಬೀಳುವುದು ಇಲ್ಲೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಫ್ಲಾರೆನ್ಸ್, ರೋಮ್, ಪೀಸಾ, ಸಿಯೆನಾ ಎಲ್ಲ ಕಡೆಯೂ ಹಳೆಯ ಊರಿನೊಳಗೆ ವಾಹನ ನಿರ್ಬಂಧಿತ ವಲಯ ಇದೆ, ಅದನ್ನು ಝಡ್‌ಟಿಎಲ್ ಎನ್ನುತ್ತಾರೆ. ಗುರುತು ಹೀಗಿದೆ: ಬಿಳಿ ವೃತ್ತ, ಸುತ್ತ ಕೆಂಪು ಅಂಚು, ಒಳಗೆ ಯಾವ ಚಿತ್ರವೂ ಇಲ್ಲ. ಅದರ ಕೆಳಗಿನ ಫಲಕದಲ್ಲಿ ಯಾವ ವಾರ, ಯಾವ ಹೊತ್ತು, ಯಾರಿಗೆ ವಿನಾಯಿತಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅನೇಕ ಕಡೆ ಪಕ್ಕದಲ್ಲೊಂದು ವಿದ್ಯುತ್ ಫಲಕವೂ ಇದ್ದು, 'ವಾರ್ಕೊ ಅತ್ತಿವೊ' ಎಂದೋ 'ವಾರ್ಕೊ ನಾನ್ ಅತ್ತಿವೊ' ಎಂದೋ ತೋರಿಸುತ್ತದೆ. ಮೊದಲನೆಯದು ಕ್ಯಾಮೆರಾ ಕಾವಲು ನಡೆಯುತ್ತಿದೆ, ಹೊಗಬೇಡಿ ಎಂಬ ಸೂಚನೆ. ದ್ವಾರ ತೆರೆದಿದೆ ಎಂದು ತಿಳಿದು ಒಳಗೆ ಹೋಗುವವರು ಬಹಳ. ಎರಡನೆಯದು ಕಂಡರೆ ಮಾತ್ರ ಹೊಗಬಹುದು.

ಇಲ್ಲಿ ನ್ಯಾವಿಗೇಶನ್ ನಂಬಿ ಕೂರಬೇಡಿ. ಹತ್ತಿರದ ದಾರಿ ತೋರಿಸುವುದು ಅದರ ಕೆಲಸ, ನಿಮ್ಮ ಕಾರಿಗೆ ಪರವಾನಗಿ ಇದೆಯೇ ಇಲ್ಲವೇ ಅದಕ್ಕೆ ತಿಳಿಯದು. ಮುಂದಿನ ಸ್ಥಳೀಯ ಕಾರು ಹೋಯಿತು ಎಂದು ಹಿಂದೆ ಹೋಗುವುದೂ ತಪ್ಪು, ಅವರಿಗೆ ನಿವಾಸಿಯ ಪಾಸು ಇರುತ್ತದೆ. ದಂಡ ಕನಿಷ್ಠ 83 ಯೂರೋ, ಮೇಲೆ ನೋಟಿಸು ಕಳಿಸುವ ಖರ್ಚು. ಬೇರೆ ಬೇರೆ ದಿನ ಹೊಕ್ಕರೆ ಬೇರೆ ಬೇರೆ ದಂಡ. ಮೂರು ದಿನ ತಂಗಿ, ದಿನಾ ಬೆಳಗ್ಗೆ ಅದೇ ಬೀದಿಯಿಂದ ಹೋಗಿ ಬಂದರೆ ಮೊತ್ತ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ.

ಹೋಟೆಲ್ ವಲಯದ ಒಳಗಿದ್ದರೆ ದಾರಿ ಇದೆ. ಹೋಗುವ ಹಿಂದಿನ ದಿನವೇ ಅವರಿಗೆ ನಂಬರು ಮತ್ತು ತಲುಪುವ ಹೊತ್ತು ಬರೆದು ಕಳಿಸಿ, ನಗರಸಭೆಯ ಪಟ್ಟಿಗೆ ಸೇರಿಸಲು ಕೇಳಿ. ಫೋನಿನಲ್ಲಿ ಹೇಳಿದರೆ ಸಾಲದು. ಸೇರಿಸಿದ್ದೇವೆ ಎಂಬ ಉತ್ತರ ಬರಹದಲ್ಲಿ ಬೇಕು, ಅದನ್ನು ಒಂದು ವರ್ಷ ಇಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಈ ಅನುಮತಿ ಸಾಮಾನು ಇಳಿಸಿ ಹೊರಬರಲು ಮಾತ್ರ, ಬೀದಿಯಲ್ಲಿ ನಿಲ್ಲಿಸಲು ಅಲ್ಲ. ಒಳಗಿನ ಕೆಲವು ಖಾಸಗಿ ಗ್ಯಾರೇಜುಗಳೂ ನಂಬರು ಸೇರಿಸಿಕೊಡುತ್ತವೆ. ಆದರೆ ವಲಯದ ಹೊರಗಿನ ಪಾರ್ಕಿಂಗಿನಲ್ಲಿ ಕಾರು ಬಿಟ್ಟು ಟ್ರಾಮ್ ಹಿಡಿಯುವುದೇ ಎಲ್ಲಕ್ಕಿಂತ ನೆಮ್ಮದಿ. ಮಿಲಾನಿನ ನಡುಭಾಗದ 'ಏರಿಯಾ ಸಿ' ಸ್ವಲ್ಪ ಬೇರೆ: ಸೋಮವಾರದಿಂದ ಶುಕ್ರವಾರ ಬೆಳಗ್ಗೆ 7:30ರಿಂದ ಸಂಜೆ 7:30ರವರೆಗೆ ದುಡ್ಡು ಕಟ್ಟಿ ಹೊಗುವ ವಲಯ ಅದು.

ವೇಗದ ಮಾತಿಗೆ ಬಂದರೆ, ಎಲ್ಲ ಮಿತಿಯನ್ನೂ ಅಂಕಿಯಲ್ಲಿ ಬರೆದಿರುತ್ತಾರೆ ಎಂದು ಕಾಯಬಾರದು. ಊರಿನ ಹೆಸರಿನ ಬೋರ್ಡೇ ವೇಗಮಿತಿಯ ಬೋರ್ಡು. ಜರ್ಮನಿಯಲ್ಲಿ ಹಳದಿ ಫಲಕ, ಫ್ರಾನ್ಸಿನಲ್ಲಿ ಕೆಂಪು ಅಂಚಿನ ಬಿಳಿ ಫಲಕ. ಅದನ್ನು ದಾಟಿದ ಕ್ಷಣದಿಂದ 50, ಹೆಸರಿನ ಮೇಲೆ ಅಡ್ಡಗೆರೆ ಎಳೆದ ಫಲಕ ಬರುವವರೆಗೆ. ಮನೆ ಅಂಗಡಿ ಕಾಣದ ಬಯಲಿನಲ್ಲೇ ಫಲಕ ನೆಟ್ಟಿದ್ದರೂ ಲೆಕ್ಕ ಅಲ್ಲಿಂದಲೇ. ಫ್ರಾನ್ಸಿನ ಎದುರುಬದುರು ಓಡಾಟದ ದ್ವಿಪಥ ರಸ್ತೆಗಳಲ್ಲಿ 2018ರ ಜುಲೈಯಿಂದ 80 ಮಿತಿ, ಕೆಲವು ಜಿಲ್ಲೆಗಳು ಮತ್ತೆ 90ಕ್ಕೆ ಏರಿಸಿವೆ. ಪ್ಯಾರಿಸ್ ನಗರದ ಬಹುತೇಕ ಬೀದಿಗಳಲ್ಲಿ 30, ಸುತ್ತುವರಿದ ಪೆರಿಫೆರಿಕ್ ರಸ್ತೆಯಲ್ಲಿ 2024ರ ಅಕ್ಟೋಬರಿನಿಂದ 50. ಫ್ರಾನ್ಸ್, ಇಟಲಿಗಳ ಹೆದ್ದಾರಿಯಲ್ಲಿ 130 ಇದ್ದದ್ದು ಮಳೆ ಬಿದ್ದಾಗ 110 ಆಗುತ್ತದೆ. ಅದಕ್ಕೆ ಪ್ರತ್ಯೇಕ ಬೋರ್ಡು ಹುಡುಕಬೇಡಿ, ವೈಪರ್ ಹಾಕುವಂತಾದರೆ ವೇಗ ಇಳಿಸಿ. ಆಸ್ಟ್ರಿಯಾದಲ್ಲಿ ಇನ್ಸ್‌ಬ್ರುಕ್ ಆಸುಪಾಸಿನ ಎ12ರಲ್ಲಿ 100ರ ಜೊತೆ 'ಐಜಿ-ಎಲ್' ಎಂಬ ಅಕ್ಷರಗಳು ಕಂಡರೆ ಅದು ವಾಯುಮಾಲಿನ್ಯದ ಕಾರಣಕ್ಕೆ ಹಾಕಿದ ಮಿತಿ. ರಸ್ತೆ ಖಾಲಿ ಇದೆ ಎಂದು ಅಲಕ್ಷ್ಯ ಮಾಡಿದವರೇ ಸಿಕ್ಕಿಬೀಳುವುದು.

ಇಟಲಿಯ ಹೆದ್ದಾರಿಗಳಲ್ಲಿ 'ಟ್ಯೂಟರ್' ಎಂಬ ವ್ಯವಸ್ಥೆ ಎರಡು ಕಮಾನುಗಳ ನಡುವೆ ನೀವು ತೆಗೆದುಕೊಂಡ ಸಮಯವನ್ನು ಅಳೆದು ಸರಾಸರಿ ವೇಗ ತೆಗೆಯುತ್ತದೆ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ಚಾಳಿ ಅಲ್ಲಿ ನಡೆಯುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರಿಯಾಯಿತಿ ಎಂಬುದೇ ಅಪರೂಪ. ಅಳತೆಯ ದೋಷಕ್ಕೆಂದು ಸ್ವಲ್ಪ ಕಳೆದ ಮೇಲೂ ಊರೊಳಗೆ ಮಿತಿಗಿಂತ 5 ಕಿ.ಮೀ.ವರೆಗೆ ಹೆಚ್ಚಾದರೆ 40 ಫ್ರಾಂಕ್, 6ರಿಂದ 10ಕ್ಕೆ 120, 11ರಿಂದ 15ಕ್ಕೆ 250. ಅದನ್ನೂ ಮೀರಿದರೆ ಸ್ಥಳದಲ್ಲಿ ಮುಗಿಯುವ ದಂಡವಲ್ಲ, ಪ್ರಕರಣ ದಾಖಲಾಗುತ್ತದೆ. ಕಾರಿನ ಸ್ಪೀಡ್ ಲಿಮಿಟರ್ ಇದಕ್ಕೆ ಒಳ್ಳೆಯ ಸಾಧನ. ಸ್ಟಿಯರಿಂಗ್ ಮೇಲಿನ 'ಲಿಮ್' ಗುಂಡಿ ಒತ್ತಿ 50ಕ್ಕೆ ಇಟ್ಟರೆ ಕಾಲು ಎಷ್ಟು ಒತ್ತಿದರೂ ಕಾರು ಅದರ ಮೇಲೆ ಹೋಗದು. ತುರ್ತಿಗೆ ಪೆಡಲ್ ಪೂರಾ ಅದುಮಿದರೆ ಬಿಟ್ಟುಕೊಡುತ್ತದೆ. ಇಳಿಜಾರಿನಲ್ಲಿ ಮಾತ್ರ ಬ್ರೇಕ್ ನೀವೇ ನೋಡಿಕೊಳ್ಳಬೇಕು. ಕ್ಯಾಮೆರಾ ಎಲ್ಲಿದೆ ಎಂದು ಎಚ್ಚರಿಸುವ ಆ್ಯಪ್‌ಗಳ ಆಸೆ ಬಿಡಿ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಓಡಿಸುವಾಗ ಅಂಥ ಎಚ್ಚರಿಕೆ ಬಳಸುವುದೇ ಅಪರಾಧ. ಹೊರಡುವ ಮುನ್ನ ಸೆಟ್ಟಿಂಗ್‌ನಲ್ಲಿ ಆರಿಸಿಬಿಡಿ. ಫೋನ್ ಕೈಯಲ್ಲಿ ಹಿಡಿಯುವುದಕ್ಕೆ ಇಟಲಿಯಲ್ಲಿ 2024ರ ಡಿಸೆಂಬರಿನಿಂದ ದಂಡ 250 ಯೂರೋದಿಂದ ಮೇಲಕ್ಕೆ, ಜೊತೆಗೆ ಲೈಸೆನ್ಸ್ ಅಮಾನತು. ಫ್ರಾನ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಿಸುವುದೂ ನಿಷಿದ್ಧ.

ಬೋರ್ಡು, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅವರ ರಸ್ತೆ ಎಷ್ಟೇ ಕಿರಿದಾಗಿರಲಿ. ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕ ಕಂಡರೆ ನೀವು ಆದ್ಯತೆಯ ರಸ್ತೆಯಲ್ಲಿದ್ದೀರಿ. ಕೆಂಪು ದೀಪದಲ್ಲಿ ಬಲಕ್ಕೆ ತಿರುಗುವಂತಿಲ್ಲ. ಜರ್ಮನಿಯಲ್ಲಿ ಸಿಗ್ನಲ್ ಪಕ್ಕ ಹಸಿರು ಬಾಣದ ತಗಡು ಇದ್ದರೆ ತಿರುಗಬಹುದು, ಆದರೆ ಮೊದಲು ಗಾಡಿ ಪೂರ್ತಿ ನಿಲ್ಲಬೇಕು. ಜರ್ಮನಿ, ಆಸ್ಟ್ರಿಯಾಗಳ ಹೆದ್ದಾರಿಯಲ್ಲಿ ವಾಹನಗಳು ನಿಂತು ಸಾಲುಗಟ್ಟಿದರೆ ಆಂಬುಲೆನ್ಸಿನ ಸದ್ದು ಬರುವ ಮೊದಲೇ ದಾರಿ ಮಾಡಿರಬೇಕು: ಎಡತುದಿಯ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ. ಮಾಡದವರಿಗೆ ದಂಡ ಭಾರಿಯೇ. ಜೀವ ಉಳಿಸುವ ದಾರಿಯಾದ್ದರಿಂದ ದಂಡದ ಭಯವಿಲ್ಲದೆಯೂ ಇದನ್ನು ಪಾಲಿಸಬೇಕು.

ಪಾರ್ಕಿಂಗಿನಲ್ಲಿ ಇಟಲಿಯ ಗೆರೆಗಳು ಸುಲಭ: ಬಿಳಿ ಸಾಮಾನ್ಯವಾಗಿ ಉಚಿತ, ನೀಲಿಗೆ ದುಡ್ಡು, ಹಳದಿ ಮೀಸಲು. ಕಷ್ಟದ್ದು ಬೋರ್ಡಿನ ಚಿತ್ರಗಳು. ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಇದ್ದರೆ ಕೆಲಸದ ದಿನಗಳು ಎಂದರ್ಥ, ಅದರಲ್ಲಿ ಶನಿವಾರವೂ ಸೇರಿದೆ. ಶಿಲುಬೆಯ ಗುರುತು ಭಾನುವಾರ ಮತ್ತು ರಜಾದಿನಕ್ಕೆ. ಬೀದಿ ಗುಡಿಸುವ ದಿನ, ಹೊತ್ತು ಬರೆದ ಫಲಕದ ಜೊತೆ ಎಳೆದೊಯ್ಯುವ ಲಾರಿಯ ಚಿತ್ರ ಇದ್ದರೆ ಆ ಹೊತ್ತಿಗೆ ಕಾರು ಅಲ್ಲಿರಬಾರದು. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಅವಧಿ ಮಿತಿಯ ಬೋರ್ಡಿನಲ್ಲಿ ಡಿಸ್ಕಿನ ಚಿತ್ರ ಇರುವ ಕಡೆ ಗಾಜಿನ ಹಿಂದೆ ನೀಲಿ ಪಾರ್ಕಿಂಗ್ ಡಿಸ್ಕ್, ಅಂದರೆ ಬಂದ ಹೊತ್ತು ತೋರಿಸುವ ತಿರುಗು ಫಲಕ, ಇಡಬೇಕು, ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಇರುತ್ತದೆ. ಜರ್ಮನಿಯಲ್ಲಿ ಬಂದ ಹೊತ್ತಿನ ಮುಂದಿನ ಅರ್ಧಗಂಟೆಗೆ ಮುಳ್ಳು ತಿರುಗಿಸುವುದು ನಿಯಮ. 10:10ಕ್ಕೆ ಬಂದರೆ 10:30ಕ್ಕೆ, 10:35ಕ್ಕೆ ಬಂದರೆ 11ಕ್ಕೆ. ಒಂದು ಗಂಟೆ ಮಿತಿ ಇದ್ದರೆ ಎಣಿಕೆ ಅಲ್ಲಿಂದ ಶುರು. ಆಮೇಲೆ ಬಂದು ಡಿಸ್ಕ್ ಮತ್ತೆ ತಿರುಗಿಸಿ ಅವಧಿ ಹೆಚ್ಚಿಸಿಕೊಳ್ಳುವಂತಿಲ್ಲ. ವಿಯೆನ್ನಾದಲ್ಲಿ 2022ರ ಮಾರ್ಚಿನಿಂದ ಹೆಚ್ಚೂಕಡಿಮೆ ಇಡೀ ನಗರವೇ ಅಲ್ಪಾವಧಿ ಪಾರ್ಕಿಂಗ್ ವಲಯ. ಬೋರ್ಡು ವಲಯದ ಹೆಬ್ಬಾಗಿಲಲ್ಲಿ ಇರುತ್ತದೆಯೇ ಹೊರತು ಬೀದಿಬೀದಿಯಲ್ಲಿ ಇರುವುದಿಲ್ಲ.

ಚಿಕ್ಕವು ಇನ್ನೂ ಕೆಲವಿವೆ. ಹೊಳೆಯುವ ಜಾಕೆಟ್ ಡಿಕ್ಕಿಯಲ್ಲಿ ಅಲ್ಲ, ಸೀಟಿನ ಪಕ್ಕ ಇರಲಿ, ಕಾರು ಕೆಟ್ಟು ರಸ್ತೆಗೆ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. 150 ಸೆಂ.ಮೀ.ಗಿಂತ ಕುಳ್ಳಗಿನ ಮಕ್ಕಳಿಗೆ ಅವರ ಎತ್ತರ, ತೂಕಕ್ಕೆ ತಕ್ಕ ಮಕ್ಕಳ ಸೀಟು ಅಥವಾ ಬೂಸ್ಟರ್ ಹಾಕಿದರೆ ಇಷ್ಟೂ ದೇಶಗಳಲ್ಲಿ ತೊಂದರೆ ಇಲ್ಲ. ನವೆಂಬರಿನಿಂದ ಏಪ್ರಿಲ್ ನಡುಭಾಗದವರೆಗೆ ಬೆಟ್ಟದ ಕಡೆ ಹೋಗುವುದಿದ್ದರೆ ಚಳಿಗಾಲದ ಟೈರು ಬೇಕೆಂದು ಬುಕ್ಕಿಂಗ್ ಮಾಡುವಾಗಲೇ ಬರೆಸಿ, ಕೌಂಟರಿಗೆ ಬಂದು ಕೇಳಿದರೆ ಸಿಗದೇ ಹೋಗಬಹುದು. ಕುಡಿದರೆ ಓಡಿಸಬೇಡಿ, ಅಷ್ಟೇ. ಇಂತಿಷ್ಟು ಪರವಾಗಿಲ್ಲ ಎಂಬ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ.

ಪೊಲೀಸರು ನಿಲ್ಲಿಸಿದರೆ ಪಕ್ಕಕ್ಕೆ ತೆಗೆದು, ಎಂಜಿನ್ ಆರಿಸಿ, ಕೈ ಸ್ಟಿಯರಿಂಗ್ ಮೇಲಿಟ್ಟು ಕೂತಿರಿ. ಪರದೇಶದವರಿಂದ ಸ್ಥಳದಲ್ಲೇ ದಂಡ ಅಥವಾ ಠೇವಣಿ ಕಟ್ಟಿಸಿಕೊಳ್ಳುವ ಅಧಿಕಾರ ಈ ದೇಶಗಳ ಪೊಲೀಸರಿಗೆ ಇದೆ, ಅದು ಲಂಚವಲ್ಲ. ಆದರೆ ಕಾರ್ಡಿನಲ್ಲಾಗಲಿ ನಗದಿನಲ್ಲಾಗಲಿ ಕಟ್ಟಿದ್ದಕ್ಕೆ ರಸೀದಿ ಇಲ್ಲದೆ ಜಾಗ ಬಿಡಬೇಡಿ.

ಇಷ್ಟಾದ ಮೇಲೂ ಚೀಟಿ ಬರಬಹುದು. ಮೊದಲು ಬರುವುದು ಬಾಡಿಗೆ ಕಂಪನಿಯ ಕಡಿತ. ಅದು ದಂಡವಲ್ಲ, ನಿಮ್ಮ ಹೆಸರು ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಹಿಡಿದ ಶುಲ್ಕ. ದಂಡ ತೀರಿತು ಎಂದು ಸುಮ್ಮನಾದವರು ಆಮೇಲೆ ನಿಜವಾದ ನೋಟಿಸು ಬಂದಾಗ ಕಂಗಾಲಾಗುತ್ತಾರೆ. ವಿದೇಶದಲ್ಲಿ ನೆಲೆಸಿರುವವರಿಗೆ ನೋಟಿಸು ಕಳಿಸಲು ಇಟಲಿಯವರಿಗೆ 360 ದಿನದ ಅವಕಾಶವಿದೆ. ತಲುಪಿದ 5 ದಿನದೊಳಗೆ ಕಟ್ಟಿದರೆ ಕನಿಷ್ಠ ದಂಡದಲ್ಲಿ ಶೇ. 30 ಕಡಿಮೆ, 60 ದಿನದೊಳಗೆ ಕನಿಷ್ಠ ದಂಡ, ಆಮೇಲೆ ಮೊತ್ತ ಏರುತ್ತದೆ. ಬ್ಯಾಂಕ್ ವರ್ಗಾವಣೆಯಾದರೆ ನಡುವಿನ ಬ್ಯಾಂಕು ಶುಲ್ಕ ಕಡಿದು ಮೊತ್ತ ಕೆಲವು ಯೂರೋ ಕಮ್ಮಿ ತಲುಪುವುದುಂಟು, ಕಮ್ಮಿ ತಲುಪಿದ ದಂಡ ಕಟ್ಟಿದಂತೆ ಲೆಕ್ಕವಲ್ಲ. ಹಾಗಾಗಿ ನೋಟಿಸಿನಲ್ಲಿರುವ ಅಧಿಕೃತ ತಾಣದಲ್ಲಿ ಕಾರ್ಡಿನಿಂದ ಕಟ್ಟುವುದು ಸರಿ. ಅದಕ್ಕೂ ಮೊದಲು ನಂಬರು, ದಿನ, ಹೊತ್ತನ್ನು ಬಾಡಿಗೆ ಕರಾರಿನೊಂದಿಗೆ ಹೋಲಿಸಿ. ಕಾರು ಪಡೆಯುವ ಮುಂಚಿನ ಅಥವಾ ವಾಪಸ್ ಕೊಟ್ಟ ನಂತರದ ಹೊತ್ತಾಗಿದ್ದರೆ ಕರಾರಿನ ಪ್ರತಿ ಕಳಿಸಿ ಆಕ್ಷೇಪ ಹೂಡಬಹುದು. ಝಡ್‌ಟಿಎಲ್ ಆದರೆ ಹೋಟೆಲಿನವರು ಬರೆದು ಕಳಿಸಿದ ಉತ್ತರ ಕೆಲಸಕ್ಕೆ ಬರುವುದು ಈ ಹೊತ್ತಿನಲ್ಲೇ. ಒಮ್ಮೆ ಹಣ ಕಟ್ಟಿಬಿಟ್ಟರೆ ತಪ್ಪು ಒಪ್ಪಿಕೊಂಡಂತೆ, ಆಮೇಲೆ ಆಕ್ಷೇಪಕ್ಕೆ ಜಾಗವಿಲ್ಲ. ಕಟ್ಟುವುದೋ ವಾದಿಸುವುದೋ ಎಂಬುದನ್ನು ಆ ಮೊದಲ 5 ದಿನದೊಳಗೇ ತೀರ್ಮಾನಿಸಿ.